ಓಗೊಟ್ಟದ್ದು

ಪಾಂಡವಪುರ ಬಸ್ ನಿಲ್ದಾಣದ ಬೆನ್ನಿಗೆ
ಅಬ್ಬಾ ಪಂಪ್‌ಸೆಟ್ ಮೋಟರಿಗೆ ತಾಮ್ರ ಸುತ್ತುತ್ತಿದ್ದ ಅಂಗಡಿ.
ಮೇಜು ಅದೇ. ಮಸೂರದ ಕೆಳಗೆ ಈಗ ನನ್ನ ಬೆರಳು.

ಮಂಚಯ್ಯ ತಂದ ಫೋನಿಗೆ ಆಲೆಮನೆಯ ವಾಸನೆ.
ಕೊಪ್ಪರಿಗೆ ಪಕ್ಕದ ಕಟ್ಟೆಗಿಟ್ಟಿದ್ದನಂತೆ,
ಕಬ್ಬಿನ ಹಾಲು ಉಕ್ಕಿ ನೆಂದಿದೆ.
ಒರೆಸಿ, ಒಂದು ರಾತ್ರಿ ಅಕ್ಕಿಯಲ್ಲಿ ಹುಗಿದು ತೆಗೆದರೆ
"ಕಡ್ಡಿ ಬತ್ತವೆ ಕಣವ್ವ, ಫೋನು ಮಾತ್ರ ಹೋಗಾಕಿಲ್ಲ.
ಯಾರ್ದೂ ಬರಾಕೂ ಇಲ್ಲ."

ತಿರುಪು ಬಿಚ್ಚಿದೆ. ತಗಡಿನ ಮುಚ್ಚಳ ಬಿಸಿಗೆ ಎಬ್ಬಿಸಿದೆ.
ಒಳಗೆಲ್ಲ ಅಂಟು. ಒಂದು ಇರುವೆ, ಸತ್ತದ್ದು.

ಇಲ್ಲಿ ನೋಡಿ, ಅಂದೆ, ಚೌಕಟ್ಟಿನ ಈ ಪಟ್ಟಿಯೇ ಕಿವಿ,
ಬಾಯಿಯೂ ಇದೇ.
ಕುಂತಿಬೆಟ್ಟದ ಬಂಡೆಗೆ ಬಡಿದು, ನೀರಿನ ಟ್ಯಾಂಕಿಗೆ ತಾಗಿ,
ನೆಟ್ಟಗೊಮ್ಮೆ, ಸುತ್ತಿಕೊಂಡೊಮ್ಮೆ
ಟವರಿನ ಅಲೆ ಇಲ್ಲಿಗೆ ಬಂದು ಮುಟ್ಟುವಾಗ
ಏನೂ ಉಳಿದಿರುವುದಿಲ್ಲ, ಹೊಗೆಯ ನೆರಳಿನಷ್ಟು.
ಅದರ ಜೊತೆಗೇ ಊರಿನ ಸಮಸ್ತ ಗದ್ದಲ:
ರೇಡಿಯೋ, ವೈಫೈ, ಪಕ್ಕದ ಕಂಪನಿಯ ಟವರು.

ಮೊದಲು ತೂಬು. ನಾಲೆಯಲ್ಲಿ ನಿಮ್ಮ ಸರದಿಯ ನೀರಿಗೆ
ತೆರೆಯುತ್ತಾರಲ್ಲ, ಹಾಗೆ
ತನ್ನ ಅಲೆಯನ್ನಷ್ಟೇ ಒಳಬಿಡುವ ಹರಳು.
ಅದರ ಮೈಮೇಲೆ ಅಲೆ ಕ್ಷಣ ನಡುಕವಾಗಿ ಹರಿದು
ಆಚೆ ದಡದಲ್ಲಿ ಮತ್ತೆ ವಿದ್ಯುತ್ತಾಗುತ್ತದೆ.
ಆಮೇಲೆ ಆ ಪಿಸುಮಾತನ್ನು ಎತ್ತಿಕೊಳ್ಳುವ ಚೂರು,
ತನ್ನ ಉಸಿರು ಬೆರೆಸದ ಹಾಗೆ, ಆದಷ್ಟು.
ಆಮೇಲೆ ಬೆರೆಸುವ ಮನೆ:
ಸೆಕೆಂಡಿಗೆ ನೂರೆಂಬತ್ತು ಕೋಟಿ ಸಲ ತುಯ್ಯುವ ಅಲೆಗೆ
ಒಳಗೇ ಹುಟ್ಟಿದ, ಅಷ್ಟೇ ವೇಗದ ಇನ್ನೊಂದನ್ನು ಗುಣಿಸಿದರೆ
ವೇಗಕ್ಕೆ ವೇಗ ಕಳೆದು
ಮಾತು ತಳದಲ್ಲಿ ನಿಲ್ಲುತ್ತದೆ.

"ಹಾಲು ಕಾಯ್ಸಿ, ನೀರು ಹಾರ್ಸಿ, ಬೆಲ್ಲ ಇಳುಸ್ದಂಗೆ,"
ಅಂದ ಮಂಚಯ್ಯ, ನಾನು ಹುಡುಕುತ್ತಿದ್ದುದನ್ನು.

ಇಲ್ಲಿತನಕ ಎಲ್ಲ ಸರಿಯಿದೆ. ಇದು ಕೇಳುತ್ತಿದೆ.
ಹೇಳುವ ದಾರಿ ಬೇರೆ. ಅದೇ ಬೆಲ್ಲ ಮತ್ತೆ ಕರಗಿ,
ಅಲೆಯೇರಿ, ತೊಗರಿಬೇಳೆಯಷ್ಟಗಲದ
ಈ ಕಪ್ಪು ಬಿಲ್ಲೆಯಲ್ಲಿ ಎದೆಯೆತ್ತಿ ಕೂಗಬೇಕು.
ಆ ಕೂಗಿಗೆ ತನ್ನ ಕಿವಿಯೇ ಒಡೆಯದಂತೆ ನಡುವೊಂದು ಗೋಡೆ;
ಒಂದೇ ಪಟ್ಟಿ, ಒಂದೇ ಗಳಿಗೆ, ಕೇಳುತ್ತಲೇ ಹೇಳಬೇಕು.
ನಮ್ಮ ಮನೆಯಲ್ಲಿ ಯಾರಿಗೂ ಬಾರದ ವಿದ್ಯೆ.

ಆ ಬಿಲ್ಲೆ ಸುಟ್ಟಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದ.
"ಅಂದ್ರೆ ಕಿರುಗಾವಲಿಂದ ನಮ್ಮಕ್ಕ ಮಾಡುದ್ರೆ
ಇದುಕ್ಕೆ ಕೇಳ್ಸಾಕಿಲ್ವಾ?"
ಕೇಳಿಸುತ್ತೆ. ಟವರು ಹೆಸರು ಹಿಡಿದೇ ಕರೆಯುತ್ತೆ.
"ಕೇಳುಸ್ಕಂಡೂ ಸುಮ್ಕಿತ್ತಾ ಮೂರು ದಿನ?"

ಸುಮ್ಮನಿರಲಿಲ್ಲ ಮಂಚಯ್ಯ.
ಜೇಬಿನ ಕತ್ತಲಲ್ಲಿ ಸೆಕೆಂಡಿಗೊಮ್ಮೆ ಎಚ್ಚರಗೊಂಡು
ಯಾರಾದರೂ ಕರೆದರೇನೋ ಎಂದು ಕಿವಿಗೊಟ್ಟು,
ಕರೆದಾಗೆಲ್ಲ ಓ ಅಂದಿದೆ.
ಸಾಲಲಿಲ್ಲವೆಂದು ಇನ್ನೂ ಗಟ್ಟಿಯಾಗಿ ಓ ಅಂದಿದೆ.
ದನಿಯಿಲ್ಲ, ಅಷ್ಟೆ.
ಅತ್ತ ನಿಮ್ಮಕ್ಕನಿಗೆ ಆ ರೆಕಾರ್ಡಿನ ಹೆಂಗಸು ಹೇಳಿರುತ್ತಾಳೆ,
ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ.

"ಹೊರ್ಗೆಲ್ಲಿದ್ದೆ ನಾನು," ಅಂದ, "ಒಲೆ ಮುಂದೇ ಇದ್ದೆ."

ಸತ್ತ ಇನ್ನೊಂದು ಫೋನಿನಿಂದ ಬಿಲ್ಲೆ ಎತ್ತಿ ಕೂರಿಸಿದೆ.
ತವರ ಕರಗಿ, ಹೊಳೆದು, ಮಂಕಾಗಿ, ಗಟ್ಟಿಯಾಯಿತು.

ಹಚ್ಚಿದ. ಹೊರಗೆ ನಾಗಮಂಗಲದ ಬಸ್ಸು ತಿರುಗುತ್ತಿತ್ತು.
"ಅಕ್ಕೋ!" ಎಂದು ಅವನು ಕೂಗಿದ್ದಕ್ಕೆ
ಕಂಡಕ್ಟರು ಕತ್ತು ಹೊರಳಿಸಿ ನೋಡಿದ.
ಟವರು ಇಲ್ಲೇ, ಎರಡು ಬೀದಿಯಾಚೆ.
ಅದು ಬಿಲ್ಲೆಗೆ ಸೆಕೆಂಡಿಗೆ ನೂರಾರು ಸಲ ಹೇಳುತ್ತಿತ್ತು:
ಸಾಕು, ಮೆಲ್ಲಗೆ, ಕೇಳಿಸುತ್ತಿದೆ, ಇನ್ನೂ ಮೆಲ್ಲಗೆ.
ಅವನ ಅಂಗೈಯಲ್ಲಿ ಅದು ಪಿಸುಗುಟ್ಟುತ್ತಿತ್ತು,
ಅವನು ಅರಚುತ್ತಿದ್ದ:
"ಎಲ್ಡು ಮರಿನಾ? ಎಲ್ಡೂ ಹೆಣ್ಣಾ?"

ಇನ್ನೂರೈವತ್ತು ರೂಪಾಯಿ, ಜೊತೆಗೊಂದು ಅಚ್ಚು ಬೆಲ್ಲ.
ಸುಟ್ಟ ಬಿಲ್ಲೆಯನ್ನು ಬೆಂಕಿಪೊಟ್ಟಣಕ್ಕೆ ಹಾಕಿದೆ,
ಆ ಇರುವೆಯನ್ನೂ.