ಕತ್ತರಿ ಇನ್ನೂ ಬಂದಿಲ್ಲ

ಐವತ್ತೈದು ನಿಮಿಷ, ಅಂದರು ಸೇಠು, ಟಿಕೀಟು ಕೈಗಿಡುತ್ತ.
ಹೈದರಾಬಾದಿನ ಗಿರಾಕಿಗೆ ಸಂಜೆಯೊಳಗೆ
ನಾಲ್ಕು ಸ್ಯಾಂಪಲ್ ಪ್ಯಾಂಟು ಮುಟ್ಟಬೇಕು,
ಸೊಂಟ ಸರಿಯಿಲ್ಲ ಅಂದರೆ ಅಲ್ಲೇ ಬಿಚ್ಚಿ ಹೊಲಿಯಬೇಕು.
ಅದಕ್ಕೆ ನಾನು, ಕೌಲ್ ಬಜಾರಿನ ಕಟಿಂಗ್ ಮಾಸ್ಟರ್ ಯರ್ರಿಸ್ವಾಮಿ,
ಐವತ್ತೆರಡನೇ ವಯಸ್ಸಿಗೆ ಮೊದಲ ಸಲ ಆಕಾಶಕ್ಕೆ.

ಹಿಂದಿನ ರಾತ್ರಿ ಮಗಳ ಶಾಲೆಯ ನಕಾಶೆ ಹಾಸಿ
ಇಂಚುಪಟ್ಟಿ ಇಟ್ಟೆ. ತೋರಣಗಲ್ಲಿನಿಂದ ಅಲ್ಲಿಗೆ
ಮೂರಿಂಚಿಗೆ ಒಂದು ನೂಲು ಕಮ್ಮಿ.
ಮುನ್ನೂರು ಕಿಲೋಮೀಟರು ಅನ್ನಪ್ಪ, ಅಂದಳು ಮಗಳು.
ಒಂದು ಪ್ಯಾಂಟಿಗೆ ಇನ್ನೂರೈವತ್ತು ಮೀಟರು ದಾರ;
ಹಾಗಾದರೆ ಸಾವಿರದಿನ್ನೂರು ಪ್ಯಾಂಟು, ಅಂದೆ ನಾನು.
ನಮ್ಮ ಯೂನಿಟ್ಟಿನ ಮೂರು ದಿನದ ಕೆಲಸ.
ಅಷ್ಟೇ ದೂರ.

ಬೆಳಿಗ್ಗೆ ಅದಿರಿನ ಲಾರಿಗಳ ಹಿಂದೆ ಕೆಂಪು ಕುಡಿಯುತ್ತ
ಕುಡತಿನಿ ದಾಟುವಷ್ಟರಲ್ಲೇ ಒಂದು ಗಂಟೆ.
ಅದು ಐವತ್ತೈದರಲ್ಲಿ ಬರುವುದಿಲ್ಲವಂತೆ.
ತಣ್ಣನೆ ಕುರ್ಚಿಯಲ್ಲಿ ಕೂತು ಕಾದದ್ದೂ ಬರುವುದಿಲ್ಲವಂತೆ.

ಯಂತ್ರದ ಬಾಯಲ್ಲಿ ನನ್ನ ಚೀಲ ನಿಂತುಬಿಟ್ಟಿತು.
ಸಮವಸ್ತ್ರದ ಹುಡುಗಿ ಹೊರತೆಗೆದಳು:
ಉಸ್ತಾದ್ ಮಸ್ತಾನ್ ವಲಿ, ಕಣ್ಣು ಮಂಜಾದ ವರ್ಷ
ನನಗೆ ಕೊಟ್ಟ ಕತ್ತರಿ,
ಹಿಡಿಗೆ ಹಳೇ ಡೆನಿಮ್ಮಿನ ಪಟ್ಟಿ ಸುತ್ತಿದ್ದು.
ಎಷ್ಟುದ್ದ ಇದು? ಅವಳಿಗೆ ಅಳತೆಕೋಲು ಸಿಗಲಿಲ್ಲ.
ಕೊರಳಲ್ಲಿದ್ದ ಇಂಚುಪಟ್ಟಿ ನಾನೇ ಕೊಟ್ಟೆ.
ಹನ್ನೊಂದು ಇಂಚು.
ಬಿಡೋ ಹಾಗಿಲ್ಲ ಅಂಕಲ್, ಅಂದಳು ಮೆತ್ತಗೆ.
ಲೈಟರು, ಉಗುರುಕತ್ತರಿಗಳ ಗಾಜಿನ ಡಬ್ಬಿಯೊಳಗೆ
ಎಸೆಯಲಿಲ್ಲ, ಎರಡೂ ಕೈಯಲ್ಲಿ ಹಿಡಿದು ಇಳಿಸಿದಳು.

ಮೇಲೆ ಹೋದಾಗ ತಿಳಿಯಿತು:
ವಿಮಾನ ಹೋಗುವುದಲ್ಲ, ಕತ್ತರಿಸುವುದು.
ಸೀಮೆಸುಣ್ಣದ ಗೆರೆಯ ಮೇಲೆ ಕೈ ನಡುಗದವನ ಹಾಗೆ
ಹೊಳೆ, ಭತ್ತದ ಮಡಿ, ಯಾರದೋ ಗುಡ್ಡ,
ಒಂದು ಊರಿನ ಹೆಸರನ್ನೂ ಕೇಳದೆ ಸೀಳಿಕೊಂಡು.
ಕೈಯಲ್ಲಿನ ನೀರು ಮುಗಿಯುವ ಮೊದಲೇ
ನೆಲ ಬಂದು ಬೆನ್ನಿಗೆ ಗುದ್ದಿತು.

ಅಲ್ಲಿ ಸೊಂಟ ಅರ್ಧ ಇಂಚು ಹೆಚ್ಚಾಗಿತ್ತು.
ಯಾರದೋ ಕತ್ತರಿ ಕೇಳಿ ತಗೊಂಡೆ;
ಬಾಯಿ ಸಡಿಲ, ಹಿಡಿ ಬೇರೆ ಹೆಬ್ಬೆರಳಿನದು,
ಬಟ್ಟೆಯನ್ನು ಅಗಿಯಿತು. ಹೇಗೋ ಪಾಸಾಯಿತು.

ವಾಪಸ್ಸಿಗೆ ಸೇಠು ಕೊಟ್ಟದ್ದು ಬಸ್ಸಿನ ದುಡ್ಡು.
ಬಸ್ಸು ಅಂದರೆ ಹೊಲಿಗೆ:
ಮಹಬೂಬನಗರಕ್ಕೊಂದು ಟಾಕು, ರಾಯಚೂರಿಗೊಂದು,
ಮಾನ್ವಿ, ಸಿಂಧನೂರು, ನಿದ್ದೆಗಣ್ಣಿನ ಸಿರುಗುಪ್ಪ,
ಪ್ರತಿ ನಿಲ್ದಾಣಕ್ಕೂ ಸೂಜಿ ಇಳಿಸಿ, ಎತ್ತಿ.
ರಾಯಚೂರಲ್ಲಿ ಹತ್ತಿದ ಮುದುಕಿ ಮಾನ್ವಿತನಕ
ನನ್ನ ಭುಜಕ್ಕೆ ತಲೆಯಿಟ್ಟು ಮಲಗಿದಳು.
ಇಳಿಯುವಾಗ ಒಂದು ಪೇರಲಹಣ್ಣು ಕೊಟ್ಟಳು.

ಈಗಲೂ ಮಶೀನು ನಿಲ್ಲಿಸಿ ಹುಡುಗರು ಕೇಳುತ್ತಾರೆ,
ಮಾಸ್ಟರ್, ವಿಮಾನದಾಗ ಎಷ್ಟೊತ್ತಾತ್ರಿ?
ಹೋಗೋಕೆ ಐವತ್ತೈದು ನಿಮಿಷ, ಅನ್ನುತ್ತೇನೆ,
ಬರೋಕೆ ಹತ್ತು ಗಂಟೆ.
ಕತ್ತರಿ ಹೊರಟು ಇವತ್ತಿಗೆ ಹದಿನೇಳು ದಿನ.
ದೂರವೇನಿಲ್ಲ, ಮೂವತ್ತೇ ಕಿಲೋಮೀಟರು,
ದಾರದ ಲೆಕ್ಕದಲ್ಲಿ ನೂರಿಪ್ಪತ್ತು ಪ್ಯಾಂಟು.