ಕರಗಿದ್ದು

ಕೊಡಿಯಾಲಬೈಲಿನಲ್ಲಿ ಕೋರ್ಟಿಗೂ ಜೈಲಿಗೂ
ಒಂದು ಬೀಡಿ ಮುಗಿಯುವಷ್ಟು ದಾರಿ.
ಆ ದಾರಿಯಲ್ಲಿ, ಜೆರಾಕ್ಸ್ ಅಂಗಡಿಯ ಮಾಳಿಗೆಯಲ್ಲಿ
ಹಿಲ್ಡಾ ರೇಗೊ ವಕೀಲರ ಕಚೇರಿ.
ಮೂರು ವಾರದಿಂದ ನಾನು ಅಲ್ಲಿ ಕೂತಿದ್ದೇನೆ,
ಎರಡರ ನಡುವೆ.

ಶಿಕ್ಷೆ ಎರಡು ವರ್ಷ. ದಂಡ ಬೇರೆ.
ಮೇಲ್ಮನವಿಗೆ ಮೂವತ್ತು ದಿನ, ಇಪ್ಪತ್ತೆರಡು ಹೋಯಿತು.
ಮೊದಲ ಪುಟದಲ್ಲಿ ನನಗೆ ಹೊಸ ಹೆಸರಿಟ್ಟಿದ್ದಾರೆ:
ದೇಜಪ್ಪ ಬಿನ್ ತ್ಯಾಂಪಣ್ಣ, ಐವತ್ತೊಂದು ವರ್ಷ, ಮೇಲ್ಮನವಿದಾರ.
ಆರೋಪಿ, ಆರೋಪಿ ಎಂದು ಕೇಳಿ ಕೇಳಿ ಕಿವಿ ದಡ್ಡುಗಟ್ಟಿತ್ತು;
ಈಗೊಂದು ಬಾಲ ಬಂತು, ಗುತ್ತಿಗೆದಾರರಿಗೆ ಇರುವಂಥದು.
ವಾರಿಜ ಓದಿ ನಕ್ಕಳು,
ಆರು ತಿಂಗಳಲ್ಲಿ ಮೊದಲ ಸಲ.

ಬಂದರಿನ ಐಸ್ ಪ್ಲಾಂಟು. ಹತ್ತೊಂಬತ್ತು ವರ್ಷ ಲೆಕ್ಕ ಬರೆದೆ.
ಬೆಳಗಿನ ಜಾವ ಮೂರಕ್ಕೆ ಬೋಟಿನವರು ಬಂದರೆ
ಉಪ್ಪುನೀರಿನ ತೊಟ್ಟಿಯಿಂದ ಡಬ್ಬ ಎತ್ತಿ, ಮಗುಚಿ,
ಗಡ್ಡೆಗಳನ್ನು ಹಲಗೆಯ ಮೇಲೆ ಜಾರಿಸುತ್ತಿದ್ದರು.
ಜಾರಿದ್ದನ್ನು ನಾನು ಎಣಿಸುತ್ತಿದ್ದೆ.
ಪುಸ್ತಕದಲ್ಲಿ ನಾಲ್ಕು ಮನೆ:
ತೆಗೆದದ್ದು, ಮಾರಿದ್ದು, ಉಳಿದದ್ದು, ಕರಗಿದ್ದು.
ನೂರಕ್ಕೆ ಎಂಟು ಕರಗುವುದು ಮಾಮೂಲು ಎಂದು
ಧಣಿ ಪುರಂದರ ತಿಂಗಳಾಯರೇ ಕಲಿಸಿದ್ದು,
ಸೇರಿದ ದಿನ, ಹೆಗಲ ಮೇಲೆ ಕೈಯಿಟ್ಟು.
ನಾನು ಹನ್ನೆರಡು ಬರೆದೆ.
ಆಮೇಲೆ ಹದಿನಾಲ್ಕು.
ಹೆಚ್ಚಿನದು ಸೈಕಲ್ಲಿನ ಮೀನಿನವರಿಗೆ, ನಗದಿಗೆ.
ಏಪ್ರಿಲಿನಲ್ಲಿ ಹದಿನೇಳು ಬರೆದರೂ ಯಾರೂ ಕೇಳಲಿಲ್ಲ.
ಸೆಕೆಯಂಥ ಸಾಕ್ಷಿ ಬೇರೆ ಇಲ್ಲ.

"ಮನೆಯಲ್ಲಿ ಯಾರಿಗಾದರೂ ಸೀಕು ಇತ್ತಾ?"
ವಕೀಲರು ಕೇಳಿದರು, ಪೆನ್ನಿನ ಮುಚ್ಚಳ ತೆಗೆದು, ಆಸೆಯಿಂದ.
ಇಲ್ಲ ಮೇಡಂ.
"ಮಗಳ ಮದುವೆ? ಸಾಲ? ಕುಡಿತ?"
ಇಲ್ಲ. ಒಂದು ಬಚ್ಚಲುಮನೆ ಕಟ್ಟಿಸಿದೆ.
ಹಳದಿ ಟೈಲ್ಸು, ಗೀಸರು.
ಅಷ್ಟು ವರ್ಷ ಐಸಿನ ಪಕ್ಕ ಕೂತವನ
ಬೆರಳ ತುದಿ ಸತ್ತಿರುತ್ತದೆ; ಬಿಸಿನೀರು ಬೇಕು ಅನ್ನಿಸಿತು.
ಮತ್ತೊಂದು ಸ್ಕೂಟರು. ಉಳಿದದ್ದು ಎಲ್ಲಿ ಹೋಯಿತೋ,
ದೇವರಾಣೆ, ನನಗೂ ಲೆಕ್ಕ ಸಿಗುವುದಿಲ್ಲ.
ಅವರು ಮುಚ್ಚಳ ಹಾಕಿದರು.

ಆದರೂ ಆಧಾರಗಳು ಚೆನ್ನಾಗಿವೆ.
ಮೂರನೆಯದಕ್ಕೆ ನಾನೇ ತಲೆದೂಗಿದೆ:
"ಕರಗಿದ ಐಸನ್ನು ಯಾವ ಸಾಕ್ಷಿಯೂ ತೂಗಿರುವುದಿಲ್ಲ,
ತೂಗಲು ಸಾಧ್ಯವೂ ಇರುವುದಿಲ್ಲ."
ಎಷ್ಟು ಚಂದದ ಮಾತು! ಒಂದಕ್ಷರ ಸುಳ್ಳಿಲ್ಲ.
ನಿಜ ಮಾತ್ರ ಅದರೊಳಗೆ ಇಲ್ಲ.

ಐದನೆಯದಕ್ಕೆ ಬಂದಾಗ ಅವರ ಸ್ವರ ತಗ್ಗಿತು.
ಜೂನ್ ಹದಿನೆಂಟರ ಪುಟ. ಮೀನುಗಾರಿಕೆಗೆ ನಿಷೇಧದ ತಿಂಗಳು,
ಬೋಟುಗಳೆಲ್ಲ ದಕ್ಕೆಯಲ್ಲಿ, ತೊಟ್ಟಿ ಖಾಲಿ, ಮೋಟರು ರಿಪೇರಿಗೆ.
ತೆಗೆದದ್ದು ಸೊನ್ನೆ. ಮಾರಿದ್ದು ಸೊನ್ನೆ. ಉಳಿದದ್ದು ಸೊನ್ನೆ.
ಕರಗಿದ್ದು: ಆರು.
ನನ್ನದೇ ಅಕ್ಷರ, ದುಂಡಗೆ, ಅಡಿಗೆರೆ ಎಳೆದು.
"ಇದೆಂತ ದೇಜಪ್ಪ?"
ಕೈಗೆ ರೂಢಿ ಮೇಡಂ.
"ಬರಹದ ಪ್ರಮಾದ ಎಂದು ಹಾಕುವಾ."
ಹೌದು, ಪ್ರಮಾದವೇ.
ಆ ದಿನ ನಾನು ಏನೂ ಕದ್ದಿರಲಿಲ್ಲ.

ಆರನೆಯದು: ಫಿರ್ಯಾದಿಯ ನಿರ್ಲಕ್ಷ್ಯ.
ಪಾಟಿ ಸವಾಲಿನಲ್ಲಿ ಧಣಿ ಹೇಳಿದ್ದರು,
ಕಟಕಟೆಯ ಕಟ್ಟಿಗೆಯನ್ನೇ ನೋಡುತ್ತ:
"ಅವನ ಪುಸ್ತಕ ನಾನು ತೆರೆದು ನೋಡುತ್ತಿರಲಿಲ್ಲ.
ನೋಡಿದರೆ ಅವನಿಗೆ ಬೇಸರ ಆದೀತು ಅಂತ."
ನಕಲಿನಲ್ಲಿ ಆ ಸಾಲು ಮಸುಕಾಗಿ ಬಂದಿದೆ.
ನನಗೆ ಬಾಯಿಪಾಠ.
ಮೇಡಂ, ಇದೊಂದು ತೆಗೆಯಬಹುದಾ?
"ನಿಮ್ಮ ಮಂಡೆ ಸರಿ ಉಂಟಾ ಮಾರಾಯ್ರೆ,
ಇದ್ದದ್ದರಲ್ಲಿ ಗಟ್ಟಿ ಇದೊಂದೇ."
ಕೆಳಗೆ ಯಂತ್ರ ಬೆಳಕು ಚೆಲ್ಲಿ ಚೆಲ್ಲಿ ಯಾರದೋ ಕಾಗದ ಹೆರುತ್ತಿತ್ತು.
ಸಹಿ ಹಾಕಿದೆ. ಪುಟಕ್ಕೊಂದು, ಹದಿನೇಳು.

ಸ್ಕೂಟರು ಮಾರಿಯಾಯಿತು. ಬೋಳೂರಿಗೆ ನಡೆದೇ ಹೋದೆ.
ತೀರ್ಪು ಬಂದ ದಿನದಿಂದ ವಾರಿಜ
ಗೀಸರಿನ ಸ್ವಿಚ್ಚು ಮುಟ್ಟಿಲ್ಲ.
ಹಿತ್ತಲ ಹಳೆಯ ಹಂಡೆಗೆ ತೆಂಗಿನ ಗರಿ ತುರುಕಿ
ಹೊಗೆ ಹಿಡಿದ ನೀರನ್ನು ಕೊಡದಲ್ಲಿ ತಂದು
ಹಳದಿ ಟೈಲ್ಸಿನ ಮೇಲೆ ಇಡುತ್ತಾಳೆ.
"ಬಿಸಿ ಸಾಕಾ?" ಬಾಗಿಲಾಚೆಯಿಂದ ಕೇಳುತ್ತಾಳೆ.
ಸಾಕು ಅನ್ನುತ್ತೇನೆ.
ಬೆರಳಿಗೆ ತಿಳಿಯುವುದಿಲ್ಲ.