ಉಬ್ಬರವಿಳಿತದ ಪಟ್ಟಿ

ನನ್ನ ಗಂಡ ಬೆಲರ್ಮೀನು ಫಾರೊ ಪಟ್ಟಣಕ್ಕೆ ಹೋಗುವುದು
ಹಲ್ಲು ಕೀಳಿಸಲು, ಇಲ್ಲವೇ ಹೆಣ ನೋಡಲು.
ಈ ಮಾರ್ಚಿನಲ್ಲಿ ಮೂರು ಸಲ ಹೋದ.
ಹಲ್ಲೆಲ್ಲ ಬಾಯಲ್ಲೇ ಇದ್ದವು. ಯಾರೂ ಸತ್ತಿರಲಿಲ್ಲ.

ಓಲ್ಯಾಂವ್‌ನಿಂದ ರೈಲಿನಲ್ಲಿ ಹತ್ತು ನಿಮಿಷ.
ಹತ್ತು ನಿಮಿಷದಲ್ಲಿ ಒಬ್ಬ ಹೆಂಡತಿ
ಎಷ್ಟು ಹೆಂಗಸರನ್ನು ಹುಟ್ಟಿಸಬಲ್ಲಳು ಗೊತ್ತೆ?
ನಾನು ಆರು ಜನರನ್ನು ಹುಟ್ಟಿಸಿದೆ.
ಒಬ್ಬಳಿಗೆ ಕೆಂಪು ಮೋಟಾರು ಬೈಕೂ ಕೊಟ್ಟೆ.

ಅದಕ್ಕೂ ಮುಂಚಿನ ಚಳಿಗಾಲ ಹೇಳಬೇಕು.
ರಾತ್ರಿ ಊಟ ಮುಗಿದರೆ ಸಾಕು, ಅವನಿಗೆ ಕೆಲಸ ಹುಟ್ಟುತ್ತಿತ್ತು:
ಹರಿಯದ ಬಲೆ ಹೊಲಿಯುವುದು,
ಮೊಂಡಾಗದ ಚಾಕು ಮಸೆಯುವುದು.
ನನಗೆ ನಿದ್ದೆ ಹತ್ತಿತೆಂದು ಖಾತ್ರಿಯಾದ ಮೇಲೆ
ಕಳ್ಳನ ಹಾಗೆ ಬಂದು ಮಂಚದ ಅಂಚಿಗೆ ಮಲಗುವನು.
ನಿದ್ದೆ ಹೋದವಳ ಹಾಗೆ ಉಸಿರಾಡುವುದನ್ನು
ನಾನೂ ಚೆನ್ನಾಗಿ ಕಲಿತೆ.

ಸಾರ್ಡೀನು ಕಾರ್ಖಾನೆಯಲ್ಲಿ ಮೂವತ್ತು ವರ್ಷ
ತಲೆ ಕತ್ತರಿಸಿ ಡಬ್ಬಿಗೆ ಜೋಡಿಸಿದವಳು ನಾನು;
ಬೆರಳಿನ ವಾಸನೆ ನಿಂಬೆಗೂ ಬಗ್ಗುವುದಿಲ್ಲ.
ಕನ್ನಡಿಯೆದುರು ನಿಂತು
ತಪ್ಪನ್ನೆಲ್ಲ ನನ್ನ ಮೈಮೇಲೆಯೇ ಹುಡುಕಿದೆ.
ಸಿಕ್ಕಿದವು. ಹುಡುಕಿದರೆ ಸಿಗದ ತಪ್ಪುಂಟೆ?

ನಾಲ್ಕನೆಯ ಸಲ ಹಿಂದಿನ ಬೋಗಿ ಹತ್ತಿದೆ.
ಅವನು ನಡೆದದ್ದು ಪೇಟೆ ದಾಟಿ, ಇಗರ್ಜಿ ದಾಟಿ,
ಹಸಿರು ಶಿಲುಬೆ ಮಿನುಗುವ ಔಷಧಿ ಅಂಗಡಿಗೆ.
ಒಳಗೆ ಇಬ್ಬರು ಮುದುಕಿಯರು. ಹೊರಗೆ ನಿಂತು
ಹಾಲುಪುಡಿಯ ಜಾಹೀರಾತನ್ನು
ಕೋರ್ಟಿನ ನೋಟೀಸಿನ ಹಾಗೆ ಓದಿದ.
ಅವರು ಹೋದರು, ಇವನು ಒಳಹೊಕ್ಕ.
ಹಿಂದೆಯೇ ಮೂರನೆಯ ಮುದುಕಿ ಬಂದಳು.
ಕೆಮ್ಮಿನ ಸಿರಪ್ಪು ಕೊಂಡು ಹೊರಬಂದ.

ನಮ್ಮ ಕಪಾಟಿನಲ್ಲಿ ಆಗಲೇ ಮೂರು ಸಿರಪ್ಪು ಇದ್ದವು.
ಕೆಮ್ಮು ಯಾರಿಗೂ ಇರಲಿಲ್ಲ.

ಬಾಗಿಲಲ್ಲೇ ಕೈ ಚಾಚಿದೆ. ಸಿರಪ್ಪು ಕೊಟ್ಟ.
ಅದಲ್ಲ, ಅಂದೆ.
ಕೋಟಿನ ಒಳಜೇಬಿನಿಂದ
ಮಡಿಸಿ ಮಡಿಸಿ ಅಂಚೆಚೀಟಿಯಷ್ಟಾದ
ಡಾಕ್ಟರ ಚೀಟಿ ಬಂತು.

ಕೌಂಟರಿನ ಹುಡುಗಿ ನನ್ನನ್ನೇ ಕೇಳಿದಳು:
ಎದೆನೋವಿಗೆ ನಾಲಿಗೆಯಡಿ ಇಡುವ ಗುಳಿಗೆ ತಗೊಳ್ಳುತ್ತಾರಾ?
ಇಲ್ಲ.
ಸಕ್ಕರೆ ಕಾಯಿಲೆ?
ಒಂಬತ್ತು ವರ್ಷದಿಂದ.
ಸಕ್ಕರೆಯವರಲ್ಲಿ ಇದು ಸಾಮಾನ್ಯ, ಅಂದಳು,
ನಾಳೆ ಮೋಡವಿದೆ ಎನ್ನುವಷ್ಟು ಸಲೀಸಾಗಿ.

ಸಾಮಾನ್ಯ!
ಅಲ್ಲೇ, ಆ ತಕ್ಕಡಿಯ ಪಕ್ಕದಲ್ಲೇ,
ಆರು ಹೆಂಗಸರನ್ನೂ ಕೊಂದೆ.
ಬೈಕಿನವಳನ್ನು ಮೊದಲು.

ಅವನು ಕೊಲ್ಲಿಯ ಕೆಸರಲ್ಲಿ ಚಿಪ್ಪು ಹೆಕ್ಕುವವ.
ನೀರು ಇಳಿದಾಗ ಹೋಗಿ, ಏರುವಾಗ ಬಂದು,
ಗಡಿಯಾರ ಕಟ್ಟದೆ ಅರವತ್ತಮೂರು ದಾಟಿದ.
ಈಗ ಗುಳಿಗೆ ನುಂಗಿ ಒಂದು ಗಂಟೆ ಕಾಯಬೇಕು.
ಅಡುಗೆಮನೆಯಲ್ಲಿ, ಉಬ್ಬರವಿಳಿತದ ಪಟ್ಟಿಯ ಕೆಳಗೆ,
ತಪ್ಪಿಹೋದ ಬಸ್ಸು ಕಾಯುವವರ ಹಾಗೆ ಕೂತೆವು.
ಹಂದಿಮಾಂಸ ಬೇಡವೆಂದಿದ್ದೆ, ಎರಡು ಸಲ ಹಾಕಿಸಿಕೊಂಡಿದ್ದ.
ಗಂಟೆ ಒಂದೂವರೆಯಾಯಿತು. ಮೂಗು ಕೆಂಪಾಯಿತು.
ತಲೆ ನೋಯುತ್ತದೆ, ಅಂದ.
ಅದು ನಾನು ಹೇಳಬೇಕಾದ ಮಾತು, ಅಂದೆ.

ನಗು ಹೊಟ್ಟೆಯೊಳಗಿಂದ ಬಂತು,
ಕುರ್ಚಿ ಹಿಡಿದುಕೊಂಡು ನಕ್ಕೆವು.
ನನ್ನ ಬೆರಳು ಎತ್ತಿ ಮೂಸಿದ.
ಮೀನು, ಅಂದ,
ದೂರದಿಂದ ಮನೆಗೆ ಬಂದವನ ಹಾಗೆ.

ಆಮೇಲಿನದು ನಿಮಗೆ ಬೇಡ.
ನಾಲ್ಕರಲ್ಲಿ ಮೊದಲ ಗುಳಿಗೆ ದಂಡವಾಯಿತು, ಎರಡನೆಯದು ಆಗಲಿಲ್ಲ.
ನನಗೆ ಹೆಚ್ಚು ನೆನಪಿರುವುದು ಮೊದಲಿನದೇ.

ಪಟ್ಟಿಯ ಮೇಲೆ ಪೆನ್ಸಿಲಿನ ಸಣ್ಣ ಸುತ್ತು ಹಾಕಿದೆ.
ಭಾನುವಾರ ಅವನ ಜೊತೆಗಾರ ಎರ್ಮೆನೆಜಿಲ್ದು ಬಂದವನು
ಕನ್ನಡಕ ಏರಿಸಿ ನೋಡಿ ಕೇಳಿದ:
ಅವತ್ತು ಇಳಿತವೇ ಇರಲಿಲ್ಲವಲ್ಲ, ಏಕೆ ಈ ಗುರುತು?
ನನ್ನವನು ಕೆಮ್ಮಿದ.
ಸಿರಪ್ಪು ಕೊಡಲೇನು, ಅಂದೆ ನಾನು,
ಫಾರೊದ್ದು, ನಾಲ್ಕು ಬಾಟಲಿ ಇದೆ,
ನೀನೂ ಒಂದು ಒಯ್ಯಿ ಎರ್ಮೆನೆಜಿಲ್ದು.

ಅವನು ಟೋಪಿಯನ್ನು ತಿರುಗಿಸುತ್ತ ಕೂತ, ತುಸು ಹೊತ್ತು.
ಬೇಡ, ಅಂದ.
ನನ್ನ ಮನೆಯಲ್ಲಿ ಏಳಿವೆ.